ನೀರಜಾಬಾಯಿಯವರ ಏಕಾದಶಿ

ಪುಣೆಯ ಕನ್ನಡ ಭಜನಾಮಂಡಳಿಯಲ್ಲಿ ಧಾರವಾಡದ ನೀರಜಾಬಾಯಿಯವರೇ ಹಾಡು ಎತ್ತಿಕೊಡುತ್ತಿದ್ದರು. ಏಕಾದಶಿಯಂದು ಅವರು ನೀರನ್ನೂ ಮುಟ್ಟುವವರಲ್ಲ. ಆದರೂ ವರ್ಷದೊಳಗೆ ಅವರ ಮೈ ಊದಿತು, ಧ್ವನಿ ಒಡೆಯಿತು. ವೈಶಾಖದಲ್ಲಿಯೂ ಚಳಿಯೆನಿಸಿ, ಭಜನೆಯ ನಡುವೆಯೇ ತೂಕಡಿಕೆ ಬರತೊಡಗಿತು.

“ಉಪವಾಸ ಅಂತೀರಿ, ನಿಮ್ಮ ಏಕಾದಶಿ ಅಡಗಿಮನ್ಯಾಗ ನಡದಂಗ ಅದರೀ” ಎಂದು ಗೆಳತಿ ನೀಲಿಮಾ ಹಾಸ್ಯ ಮಾಡಿದಳು. ನೀರಜಾಬಾಯಿಯವರೂ ನಕ್ಕರು, ಮರುವಾರದಿಂದ ಬರಲಿಲ್ಲ. ವ್ರತದಲ್ಲಿಯೇ ಲೋಪವಾಗಿರಬೇಕೆಂದು ಉಪವಾಸಗಳನ್ನು ಹೆಚ್ಚಿಸಿದರೇ ಹೊರತು ವೈದ್ಯರನ್ನು ಕಾಣಲಿಲ್ಲ.

ಬಹುಕಾಲದ ಮೇಲೆ ಮಾಡಿಸಿದ ರಕ್ತಪರೀಕ್ಷೆಯಿಂದ, ಥೈರಾಯ್ಡ್ ಗ್ರಂಥಿ ಸೊರಗಿದ್ದೇ ಇದಕ್ಕೆಲ್ಲ ಕಾರಣವೆಂದು ತಿಳಿಯಿತು. ನಿತ್ಯದ ಗುಳಿಗೆಯಿಂದ ಧ್ವನಿ ಮರಳಿತು. ನೀಲಿಮಾ ಮನೆಗೇ ಬಂದು, “ತಪ್ಪಾತ್ರಿ, ಬರ್ರಿ” ಎಂದಳು.

“ದೇವರು ಮನ್ಯಾಗೂ ಕೇಳ್ತಾನ್ರಿ” ಎಂದು ನೀರಜಾಬಾಯಿ ಚಹಾ ಕೊಟ್ಟರು.

ಮಂಡಳಿಯಲ್ಲಿ ಈಗಲೂ ಮೊದಲ ಸಾಲು ತಡವರಿಸುತ್ತದೆ. ಆಗೆಲ್ಲ ನೀಲಿಮಾ ತಲೆ ತಗ್ಗಿಸುತ್ತಾಳೆ.