ಫ್ಯೂಸ್ ತೆಗೆದಿಡುವ ಕೈ

ನೈರೋಬಿಯ ಔಷಧ ಕಾರ್ಖಾನೆಗಳಲ್ಲಿ ಯಂತ್ರ ಕೆಟ್ಟಾಗ ಮೊದಲು ನೆನಪಾಗುವ ಹೆಸರು ಶ್ರೀ ಮಧುಕರ ಅವರದು. ಇಂಡಸ್ಟ್ರಿಯಲ್ ಏರಿಯಾದ ನಮ್ಮ ಕಾರ್ಖಾನೆಯ ದುರಸ್ತಿ ವಿಭಾಗವನ್ನು ಕಟ್ಟಿ ಬೆಳೆಸಿ, ಈಗ ೨೦೧೯ರಲ್ಲಿ ನಿವೃತ್ತರಾಗುತ್ತಿರುವ ಅವರು ಕಿರಿಯರಿಗೆ ದುರಸ್ತಿಗಿಂತ ಅಂಜಿಕೆಯನ್ನೇ ಹೆಚ್ಚಾಗಿ ಕಲಿಸಿದರು. ಆ ಪಾಠ ವಿಭಾ ಅವರಿಗೆ ಹತ್ತಿದಂತೆ ಇನ್ನಾರಿಗೂ ಹತ್ತಿರಲಾರದು.

ವಿಭಾ ೨೦೧೪ರಲ್ಲಿ ಮೈಸೂರಿನಿಂದ ಬಂದ ಎಲೆಕ್ಟ್ರಾನಿಕ್ಸ್ ಎಂಜಿನಿಯರ್. ರಸ್ತೆಯ ಜಾಮ್ ಕರಗುವವರೆಗೆ ಕಾರ್ಖಾನೆಯಲ್ಲೇ ಉಳಿಯುತ್ತಿದ್ದ ಆಕೆ, ಮಾತ್ರೆಯ ಪಟ್ಟಿ ಕತ್ತರಿಸುವ ಯಂತ್ರಕ್ಕೆಂದು ಇಟ್ಟಿದ್ದ ಬದಲಿ ನಿಯಂತ್ರಣ ಕಾರ್ಡಿಗೆ ಒಂದು ಬಣ್ಣದಾಟದ ಪ್ರೋಗ್ರಾಂ ಬರೆದರು. ಕೆಂಪು, ಹಳದಿ, ಹಸಿರು ದೀಪಗಳು ಬದಲಾಗುತ್ತ ಹೋದಂತೆ, ಉರಿಯುತ್ತಿರುವ ದೀಪದ ಬಣ್ಣದ ಗುಂಡಿಯನ್ನೇ ಅದು ಆರುವ ಮೊದಲು ಒತ್ತಬೇಕು. ಹೊಂದಿದರೆ ಬಜರ್ ಕೂಗುತ್ತದೆ. ಊಟದ ಬಿಡುವಿನಲ್ಲಿ ಅದನ್ನು ದುರಸ್ತಿ ಮೇಜಿನ ಮೇಲೆ ಆಡಿ ಸೋತ ಮಧುಕರ ಅವರು, “ಇದಕ್ಕೂ ನನಗೂ ಜಾತಕ ಕೂಡಲ್ಲಮ್ಮ. ಆಟ ಮುಗಿದ್ಮೇಲೆ ಮಷೀನಿನ ಪ್ರೋಗ್ರಾಂ ವಾಪಸ್ ಹಾಕಿಡಿ” ಎಂದರು. ವಿಭಾ ಹೂಂಗುಟ್ಟಿದರು. ಆಮೇಲೆ ಮರೆತರು.

ಒಂದು ಮಧ್ಯಾಹ್ನ ಯಂತ್ರದ ಕಾರ್ಡ್ ಸುಟ್ಟಿತು. ವಿಭಾ ಉಗ್ರಾಣದಿಂದ ಬರುವಷ್ಟರಲ್ಲಿ ಮಧುಕರ ಅವರು ಬದಲಿ ಕಾರ್ಡ್ ಕೂರಿಸಿ ವಿದ್ಯುತ್ ಕೊಟ್ಟಾಗಿತ್ತು. ಯಂತ್ರದ ನೆತ್ತಿಯ ದೀಪಗಳು ಹತ್ತಿದವು: ಹಳದಿ, ಹಳದಿ, ಕೆಂಪು, ಹಸಿರು. ಅದು ಆಟ ಶುರುವಾಗುವ ಬಗೆ. ಮೇಜಿನ ಮೇಲೆ ಬಜರ್ ಕೂಗಿಸುತ್ತಿದ್ದ ತಂತಿ ಇಲ್ಲಿ ಕತ್ತಿಯನ್ನು ಕೆಳಗಿಳಿಸುತ್ತದೆ. ಆ ಕತ್ತಿಯ ಅಡಿಯಲ್ಲಿ ಆಪರೇಟರ್ ಸಿಲ್ವಿಯಾ ಬೆರಳಿಟ್ಟು, ಹರಿದ ಹಾಳೆಯ ಚೂರುಗಳನ್ನು ಹೆಕ್ಕುತ್ತಿದ್ದಳು.

ವಿಭಾ ಕೂಗಲು ಬಾಯಿ ತೆರೆದರು. ಅಷ್ಟರೊಳಗೆ ಬೇರೊಂದು ದನಿ ಎದ್ದಿತು.

“ಮದುವೆ ಮನೆ ಥರ ಮುಹೂರ್ತ ನೋಡ್ತಿದೀರೇನ್ರೀ ಮಧುಕರ್? ಲೈನ್ ನಿಂತಿದೆ,” ಎಂದ ಮ್ಯಾನೇಜರ್ ಲಕ್ಷ್ಮೀಶ, ಉರಿಯುತ್ತಿದ್ದ ಹಸಿರು ದೀಪ ನೋಡಿ, ತಾವೇ ಕೈ ಚಾಚಿ ಹಸಿರು ಗುಂಡಿ ಒತ್ತಿಬಿಟ್ಟರು.

ಬಣ್ಣ ಹೊಂದಿತು. ಕಾರ್ಡ್ ಇದ್ದ ಪೆಟ್ಟಿಗೆಯೊಳಗೆ ಟಕ್ ಎಂದಿತು. ಕತ್ತಿ ಅಲುಗಲಿಲ್ಲ.

“ಸಿಲ್ವಿಯಾ, ಟೋವಾ ಮ್ಕೋನೋ,” ಕೈ ತೆಗೆ, ಎಂದರು ಮಧುಕರ ಅವರು ಸ್ವಾಹಿಲಿಯಲ್ಲಿ, ಮೆಲ್ಲಗೆ. “ಸವಾ, ಮ್ಜೇ,” ಆಗಲಿ ಹಿರಿಯರೇ, ಎಂದು ಆಕೆ ಕೈ ಹೊರತೆಗೆದಳು, ಏನೂ ತಿಳಿಯದೆ. ಅವರು ಲಕ್ಷ್ಮೀಶರತ್ತ ತಿರುಗಿ, “ನಿಮ್ ಮುಹೂರ್ತ ಆಯ್ತಾ ಸರ್?” ಎಂದು ಮುಷ್ಟಿ ಬಿಚ್ಚಿದರು. ಅದರಲ್ಲಿ ಕತ್ತಿಯ ಮೋಟಾರಿನ ಫ್ಯೂಸ್ ಇತ್ತು. ಹೊಸ ಕಾರ್ಡ್ ಯಾರದೇ ಇರಲಿ, ದೀಪಗಳ ನಡತೆ ನೋಡುವವರೆಗೆ ಮೋಟಾರಿಗೆ ಜೀವ ಕೊಡಬಾರದೆಂಬುದು ಅವರ ಪದ್ಧತಿ. ಅದಕ್ಕಾಗಿ ಅವರು ತಿಂದ ಬೈಗುಳಕ್ಕೆ ಮಿತಿಯಿಲ್ಲ.

ಊರಿನ ಮೊದಲ ವಿಮಾನಕ್ಕೇ ತನ್ನನ್ನು ಹತ್ತಿಸುತ್ತಾರೆಂದು ತಿಳಿದೂ ವಿಭಾ ಎಲ್ಲವನ್ನೂ ಹೇಳಿದರು. “ಮೇಜಿನ ಮೇಲೆ ಪರೀಕ್ಷೆ ಮಾಡದೆ ಕಾರ್ಡ್ ಹಾಕಿದವನು ನಾನು,” ಎಂದು ಮಧುಕರ ಅವರು ಲಕ್ಷ್ಮೀಶರ ಬಾಯಿ ಕಟ್ಟಿದರು. ಬಳಿಕ ಆಕೆಯನ್ನು ಕೇಳಿದರು: “ಕೈ ನಡುಗ್ತಿದೆಯಾ?”

“ಹೂಂ ಸರ್.”

“ನಡುಗ್ಲಿ. ನಿಂತ ದಿನ ಹೇಳಿ, ಆಫೀಸ್ ಕೆಲಸಕ್ಕೆ ಹಾಕಿಸ್ತೀನಿ.”

ವಿಭಾ ಇಂದಿಗೂ ಹಾಗೆ ಹೇಳಿಲ್ಲ. ನಾಳೆಯಿಂದ ವಿಭಾಗ ಅವರದು. ಪಂಗಾನಿ ಬಡಾವಣೆಯ ತಮ್ಮ ಮನೆಯಲ್ಲಿ ಕಿರಿಯರಿಗೆ ಪಾಠ ಹೇಳಲಿರುವ ಮಧುಕರ ಅವರಿಗೆ ಆಯುರಾರೋಗ್ಯಗಳು ತುಂಬಿರಲಿ. ಅವರ ಬಳಿ ಇನ್ನೂ ಹಲವು ಕೈಗಳು ನಡುಗುವುದನ್ನು ಕಲಿಯಲಿ.