ಭಾವನ ಕೈಗೆ ಸಿಕ್ಕ ಎರಡು ಲ್ಯಾಪ್‌ಟಾಪು

ನಮ್ಮ ಭಾವ ಯಾವುದನ್ನೂ ರಿಪೇರಿ ಅಂಗಡಿಗೆ ಕೊಡುವವರಲ್ಲ. ಮಿಕ್ಸಿ, ಗೀಸರ್, ನಲ್ಲಿ, ಎಲ್ಲಕ್ಕೂ ಅವರ ಕೈಯೇ ಆಗಬೇಕು. ಹಾಗಾಗಿ ಜೆಪಿ ನಗರದ ಅವರ ಮನೆಯಲ್ಲಿ ಒಂದು ಸಲ ಕೆಟ್ಟದ್ದು ಇನ್ನೊಂದು ಸಲ ಕೆಡದೆ ಉಳಿದದ್ದಿಲ್ಲ.

ಆ ಶನಿವಾರ ಅಕ್ಕನಿಗೆ ಆನ್‌ಲೈನ್ ಇಂಟರ್‌ವ್ಯೂ ಇತ್ತು. ಮಗು ಹುಟ್ಟಿದಾಗ ಬಿಟ್ಟಿದ್ದ ಅಕೌಂಟ್ಸ್ ಕೆಲಸಕ್ಕೆ ಮರಳಬೇಕೆಂದು ಕಂಡಕಂಡಲ್ಲಿ ಅರ್ಜಿ ಹಾಕಿದ್ದಳು. ಕರೆದದ್ದು ಒಂದೇ ಕಡೆಯವರು, ಅವರೂ ಫೋನಿನಲ್ಲಿ ಆಗದು, ಕಂಪ್ಯೂಟರೇ ಬೇಕೆಂದಿದ್ದರು. ಹಿಂದಿನ ಸಂಜೆ ಅವಳ ಲ್ಯಾಪ್‌ಟಾಪ್ ಅಪ್‌ಡೇಟ್ ಆಗುತ್ತಿದ್ದಾಗಲೇ ಆರಿಹೋಗಿ, ಮತ್ತೆ ಏಳಲಿಲ್ಲ. ನಾವಿಬ್ಬರೂ ಒಂದೇ ಮಾದರಿಯದನ್ನು ಒಟ್ಟಿಗೆ ಕೊಂಡಿದ್ದೆವು. ನನ್ನದನ್ನು ಹೆಗಲಿಗೆ ಹಾಕಿಕೊಂಡು ಬೆಳಿಗ್ಗೆಯೇ ಹನುಮಂತನಗರದಿಂದ ಬಸ್ ಹತ್ತಿದೆ. ಅಕ್ಕ ಅದರ ಮುಂದೆ ಕೂತು ಮಾತಾಡಿದ್ದರೆ ಮುಗಿಯುತ್ತಿತ್ತು.

ಭಾವ ಬಿಡಬೇಕಲ್ಲ. ನನ್ನದನ್ನು ನೋಡಿದ್ದೇ ತಡ, ಸ್ಕ್ರೂಡ್ರೈವರ್ ಹಿಡಿದು ಕೂತರು. ಕಂಪ್ಯೂಟರ್ ಏಳುವಾಗ ಮೊದಲು ಓದಿಕೊಳ್ಳುವ ಪ್ರೋಗ್ರಾಂ ಒಂದು ಸಣ್ಣ ಚಿಪ್ಪಿನಲ್ಲಿ ಇರುತ್ತದಂತೆ. ನನ್ನದರಿಂದ ಅದನ್ನು ಓದಿಸಿ ಅಕ್ಕನದಕ್ಕೆ ಬರೆದರೆ ಅದು ಜೀವ ಪಡೆಯುತ್ತದಂತೆ. ವಿದ್ಯೆಯೇನೋ ಸರಿಯಾದದ್ದೇ, ಕಲಿತವರು ಮಾಡುವಂಥದ್ದು. ಇವರು ನಾಲ್ಕು ವಿಡಿಯೋ ನೋಡಿ, ಚಿಪ್ಪಿಗೆ ಕಚ್ಚಿಸುವ ಕ್ಲಿಪ್ಪೊಂದನ್ನು ತರಿಸಿಕೊಂಡವರು. ಇಂಟರ್‌ವ್ಯೂ ಮುಗಿಯಲಿ ಎಂದು ಅಕ್ಕ ಬೇಡಿಕೊಂಡಳು. ಅರ್ಧ ಗಂಟೆಯ ಕೆಲಸ, ನಿಮಗೆಲ್ಲ ಇದು ಅರ್ಥವಾಗುವುದಿಲ್ಲ ಎಂದರು.

ಅಕ್ಕನ ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಆಯುಧಪೂಜೆಯ ಕುಂಕುಮ ಒಣಗಿ ಅಂಟಿತ್ತು. ಎರಡನ್ನೂ ಬೇರೆ ಮಾಡಿ ತೋರಿಸುವ ಗುರುತು ಅದೊಂದೇ. ಭಾವ ಮಹಾ ಮಡಿವಂತರು, ಕೆಲಸ ಶುರು ಮಾಡುವ ಮೊದಲು ಎರಡನ್ನೂ ಸ್ಪಿರಿಟ್ ಹಾಕಿ ತಿಕ್ಕಿ ಒರೆಸಿದರು. ಆಮೇಲೆ ಎರಡನ್ನೂ ಕವುಚಿ ಹಾಕಿ ತಳ ಬಿಚ್ಚಿದರು. ತಮ್ಮ ಆಫೀಸ್ ಲ್ಯಾಪ್‌ಟಾಪಿಗೆ ಕ್ಲಿಪ್ಪಿನ ವೈರು ಚುಚ್ಚಿ, ಒಂದರಿಂದ ಓದಿಸಿದರು, ಇನ್ನೊಂದಕ್ಕೆ ಬರೆದರು. ಮುಖದಲ್ಲಿ ಹೃದಯದ ಆಪರೇಷನ್ ಮುಗಿಸಿದ ಡಾಕ್ಟರ ಕಳೆ.

ಎರಡೂ ಏಳಲಿಲ್ಲ.

ಯಾವುದರಿಂದ ಓದಿಸಿದಿರಿ ಎಂದು ಕೇಳಿದೆ. ಭಾವ ಇದನ್ನು ನೋಡಿದರು, ಅದನ್ನು ನೋಡಿದರು. ಕೆಟ್ಟದ್ದರೊಳಗಿನ ಕೆಟ್ಟ ಪ್ರೋಗ್ರಾಮನ್ನೇ ಅಚ್ಚುಕಟ್ಟಾಗಿ ತಂದು ನನ್ನದಕ್ಕೆ ತುಂಬಿದ್ದರು. ನನ್ನದರ ಪ್ರತಿ ತೆಗೆದಿಟ್ಟಿರಲಿಲ್ಲ. ನನಗೆ ಸಿಟ್ಟು ಕೂಡ ಬರಲಿಲ್ಲ. ಸಿಟ್ಟಿಗೆ ಗುರಿಯಾಗಲೂ ಮನುಷ್ಯನಿಗೆ ಒಂದು ಯೋಗ್ಯತೆ ಬೇಕು.

ಇಂಟರ್‌ವ್ಯೂಗೆ ಇನ್ನು ಹತ್ತು ನಿಮಿಷ. ಅಕ್ಕ ಭಾವನ ಆಫೀಸ್ ಲ್ಯಾಪ್‌ಟಾಪ್ ಕೇಳಿದಳು.

"ಅದು ಕಂಪನೀದು ಕಣೇ. ಬೇರೆಯವರು ಮುಟ್ಟೋ ಹಾಗಿಲ್ಲ," ಎಂದರು. ಕ್ಲಿಪ್ಪಿನ ವೈರು ಇನ್ನೂ ಅದರಿಂದಲೇ ನೇತಾಡುತ್ತಿತ್ತು.

ಅಕ್ಕ ವೈರು ಕಿತ್ತು ಮೇಜಿನ ಮೇಲೆ ಹಾಕಿದಳು. "ಪಾಸ್‌ವರ್ಡ್ ಹಾಕ್ತೀರೋ, ಇದನ್ನೂ ಬಿಚ್ಲೋ?"

ಹಾಕಿಕೊಟ್ಟರು. ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಭಾವ ಸ್ವಲ್ಪ ಹೊತ್ತು ಸ್ಕ್ರೂಗಳನ್ನು ಹುಡುಕಿದರು. ಆಮೇಲೆ ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

"ಅಲ್ಲಾ, ಇವಳಿಗೇನಾದ್ರೂ ಕೆಲಸ ಸಿಕ್ಕಿಬಿಟ್ರೆ, ಮಗು ಸ್ಕೂಲಿಂದ ಬಂದಾಗ ಯಾರು ನೋಡ್ಕೋತಾರೆ?"

ಬಾಗಿಲಾಚೆ ಅಕ್ಕ, ಸೋಮವಾರದಿಂದಲೇ ಬರಬಲ್ಲೆ ಎಂದು ಯಾರಿಗೋ ಹೇಳುತ್ತಿದ್ದಳು.