ಗೋಡೆಯ ಸಿನಿಮಾ ನೋಡಿದ ಸಂಜೆ

ಟಿವಿಯಲ್ಲಿ ಬುಲ್‌ಡೋಜರ್ ಆಲಿವ್ ಮರದತ್ತ ನುಗ್ಗುತ್ತಿದ್ದಂತೆ, ನೆರೆಮನೆಯ ಪ್ಯಾಲೆಸ್ತೀನಿ ಮಹಿಳೆ ಉಮ್ಮು ಯೂಸುಫ್ ನಮ್ಮ ಸೋಫಾದಿಂದ ಎದ್ದು, ತೆರೆಯ ಮೇಲಿನ ಹಳ್ಳಿಗರೊಂದಿಗೆ ತಾವೂ ಘೋಷಣೆ ಕೂಗತೊಡಗಿದರು. ಅದು ಅವರ ಕಡೆಯದೇ ಒಂದು ಹಳ್ಳಿಯ ಸಾಕ್ಷ್ಯಚಿತ್ರ. ಹೊಲಗಳನ್ನು ಸೀಳಿ ಕಟ್ಟುತ್ತಿದ್ದ ತಡೆಗೋಡೆಗೆ ಜನ ಬರಿಗೈಯಲ್ಲೇ ಅಡ್ಡ ನಿಂತಿದ್ದರು.

ನಾನು ಗಾಬರಿಯಿಂದ ರಿಮೋಟ್ ಎತ್ತಿ ಟಿವಿಯ ಸದ್ದು ಅಡಗಿಸಿದೆ. ನಾವು ಆಗ ಇದ್ದ ಕೊಲ್ಲಿ ದೇಶದ ಅಲ್ ಖುವೈರ್‌ನ ಆ ಕಟ್ಟಡದಲ್ಲಿ ನಮ್ಮ ಕೆಳಗಿನ ಮನೆಯೇ ನನ್ನ ಆಫೀಸಿನ ಮ್ಯಾನೇಜರರದು. ಎಣ್ಣೆ ಬೆಲೆ ಕುಸಿದು, ಆಫೀಸಿನಿಂದ ಒಬ್ಬೊಬ್ಬರನ್ನೇ ಊರಿಗೆ ಕಳಿಸುತ್ತಿದ್ದ ಕಾಲ.

“ಅವರಿಗೆ ಕೂತುಕೊಳ್ಳಲಿಕ್ಕೆ ಹೇಳು ಮಾರಾಯ್ತಿ. ಕೆಳಗೆ ಕೇಳ್ತದೆ, ನನ್ನ ಕೆಲಸ ಹೋಗ್ತದೆ,” ಎಂದು ಹೆಂಡತಿಗೆ ಪಿಸುಗುಟ್ಟಿದೆ.

ಅವಳು ರಿಮೋಟ್ ಕಿತ್ತುಕೊಂಡು ಸದ್ದನ್ನು ಮೊದಲಿಗಿಂತ ಏರಿಸಿದಳು. “ಹೋಗ್ಲಿ! ಕೆಲಸ ಹೋದ್ರೆ ನಮಗೆ ಹೋಗ್ಲಿಕ್ಕೆ ಉಡುಪಿ ಉಂಟು. ಇವರು ಎಲ್ಲಿಗೆ ಹೋಗ್ಬೇಕು?” ಎಂದವಳೇ ಉಮ್ಮು ಯೂಸುಫ್ ಪಕ್ಕ ಹೋಗಿ ನಿಂತಳು. ನಾನು ಕೂತೇ ಇದ್ದೆ.

ಕೆಲಸ ಆ ವರ್ಷವೇ ಹೋಯಿತು. ಆ ಕೂಗಿನಿಂದಲ್ಲ, ಎಣ್ಣೆ ಬೆಲೆಯಿಂದ. ಹೊರಡುವ ದಿನ ಉಮ್ಮು ಯೂಸುಫ್ ದಾರಿಗೆಂದು ರೊಟ್ಟಿ ಕಟ್ಟಿಕೊಟ್ಟರು. ಆಗಲೂ ಆ ಸಂಜೆಗಾಗಿ ಕ್ಷಮೆ ಕೇಳಲು ನನಗೆ ಬಾಯಿ ಬರಲಿಲ್ಲ. ಈ ಮುದಿ ವಯಸ್ಸಿನಲ್ಲಿ ಇಲ್ಲಿ ಕೇಳುತ್ತಿದ್ದೇನೆ, ಯಾರ ಕಿವಿಗೆ ಬೇಕಾದರೂ ಬೀಳಲಿ.